ಪಾರಿವಾಳ ಬಿಟ್ಟು ಬೇರೆ ಹಕ್ಕಿ ಬರಬೇಕಂದ್ರ

ಸರ್, ಹಾವೇರಿಯ ನಿಮ್ಮ ಮಾಳಿಗೆ ಮೇಲೆ ಕಾಳು, ಬಕೆಟ್‌ನಾಗ ನೀರು ಇಟ್ಟರೂ ಪಾರಿವಾಳ ಬಿಟ್ಟು ಬೇರೇನೂ ಬರ್ತಿಲ್ಲ ಅಂದೀರಿ. ಮೊದಲು ಕಾಳು ನಿಲ್ಲಿಸ್ರಿ, ಪಾರಿವಾಳ ಬರೋದೇ ಅದಕ್ಕ. ಬಕೆಟ್ ಆಳ ಜಾಸ್ತಿ. ಸಣ್ಣ ಹಕ್ಕಿ ಇಳಿಯೋದಿಲ್ಲ, ಬಿದ್ದರೆ ಮೇಲೆ ಬರೋದೂ ಇಲ್ಲ. ಅಗಲವಾದ ಮಣ್ಣಿನ ತಟ್ಟೆಯಲ್ಲಿ 3–4 ಸೆಂ.ಮೀ. ನೀರು, ನಡುವೆ ಒಂದು ಒರಟು ಕಲ್ಲು ಸಾಕು. ಅಂಗಳದಾಗ ದಾಸವಾಳದಂಥ ಗಿಡದಿಂದ ಸುಮಾರು 2 ಮೀಟರ್ ದೂರ ಇಡ್ರಿ. ಬುಡಕ್ಕೇ ಇಟ್ಟರೆ ಬೆಕ್ಕು ಹೊಂಚು ಹಾಕ್ತದ, ತೀರಾ ಬಯಲಿನಾಗ ಇಟ್ಟರೆ ಹಕ್ಕಿ ಹೆದರ್ತಾವು. ದಿನಾ ನೀರು ಚೆಲ್ಲಿ, ತಟ್ಟೆ ತಿಕ್ಕಿ ತೊಳೀರಿ, ಇಲ್ಲಾಂದ್ರ ಪಾಚಿ, ಸೊಳ್ಳೆ. ಪಿಕಳಾರ, ಮಡಿವಾಳ ಹಕ್ಕಿ ಬರ್ತಾವು. ಮಕರಂದ ಹೀರೋ ಸೂರಕ್ಕಿಗೆ ಮಾತ್ರ ತಟ್ಟೆಗಿಂತ ಹೂವೇ ಬೇಕು. ಮಿಂಚುಳ್ಳಿಗಾದ್ರ ವರದಾ ನದಿ ದಂಡಿಗೇ ಹೋಗ್ರಿ, ಬೆಳಿಗ್ಗೆ, ಬಿಸಿಲು ಬೆನ್ನಿಗಿರಲಿ. 8×42 ದುರ್ಬೀನು (8 ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 42 ಮಿ.ಮೀ. ಅಗಲ) ಸಾಕು. 10 ಪಟ್ಟಿನದ್ರಾಗ ಕೈ ಸ್ವಲ್ಪ ಅಲುಗಿದ್ರೂ ನೋಟ ಜಾಸ್ತಿ ಅಲ್ಲಾಡ್ತದ.