ಮಾವನ ಹೋಟೆಲಿನ ನೀರ್‌ದೋಸೆ ಆಫೀಸ್ ಪೇಜಿಗೆ ಬಿತ್ತು

ಪ್ರಶ್ನೆ: ನನಗೆ 27 ವರ್ಷ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ, ಕೆಲಸ ಮುಂಬೈನ ದಾದರ್‌ನ ಒಂದು ಕಂಪನಿಯಲ್ಲಿ. ಅದರ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಲಿಂಕ್ಡ್‌ಇನ್ ನೋಡಿಕೊಳ್ಳುವವಳು ನಾನೇ. ಜೊತೆಗೆ ಸೋದರಮಾವನ ಹೋಟೆಲಿನ ಪೇಜು, ನಮ್ಮ ಕನ್ನಡ ಸಂಘದ ಪೇಜು. ಹೋದ ವಾರ ಮಾವನ ನೀರ್‌ದೋಸೆ ಫೋಟೊ ಆಫೀಸಿನ ಅಕೌಂಟಿಗೆ ಹೋಗಿಬಿಟ್ಟಿತು. ಬಾಸ್ ಎಲ್ಲರ ಎದುರು ಬೈದರು. ಊರಿಂದ ಬಂದಾಗ ಎರಡು ವರ್ಷ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ ಮಾವನಿಗೆ ‘ಆಗಲ್ಲ’ ಎಂದು ಹೇಗೆ ಹೇಳಲಿ?

ಉತ್ತರ: ತಂಗೀ, ಮೊದಲು ಆ ಫೋಟೊ ವಿಷಯ. ಇನ್‌ಸ್ಟಾಗ್ರಾಂನ ಒಂದೇ ಆ್ಯಪ್‌ನಲ್ಲಿ 5 ಅಕೌಂಟ್‌ವರೆಗೆ ಇಟ್ಟುಕೊಳ್ಳಬಹುದು. ಯಾವುದರಲ್ಲಿದ್ದೇವೆ ಅಂತ ಹೇಳುವುದು ಒಂದು ಪುಟ್ಟ ದುಂಡು ಚಿತ್ರ, ಅಷ್ಟೇ. ಕೆಲಸದ ಗಡಿಬಿಡಿಯಲ್ಲಿ ಅದು ಯಾರ ಕಣ್ಣಿಗೂ ತಪ್ಪುತ್ತದೆ. ಹಾಗಾಗಿ ಇವತ್ತೇ ಆಫೀಸಿನ ಅಕೌಂಟುಗಳನ್ನು ನಿಮ್ಮ ಫೋನಿನಿಂದ ತೆಗೆಯಿರಿ. ಆಫೀಸಿನ ಕಂಪ್ಯೂಟರಿನಲ್ಲಿ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ, ಅದಕ್ಕೊಂದು ಗಾಢ ಬಣ್ಣ ಕೊಡಿ. ಆಫೀಸಿನ ಪೋಸ್ಟ್ ಅಲ್ಲಿಂದ ಮಾತ್ರ. ಈ ವ್ಯವಸ್ಥೆಯನ್ನು ಬಾಸ್‌ಗೂ ತಿಳಿಸಿ. ಮತ್ತೆ ಮತ್ತೆ ಕ್ಷಮೆ ಕೇಳುವುದಕ್ಕಿಂತ ಅವರಿಗೆ ಬೇಕಾಗಿರುವುದು ಅದೇ.

ದಿನವಿಡೀ ಪೋಸ್ಟ್ ಹಾಕುತ್ತಾ ಕೂರುವುದೂ ಬೇಡ. ಮೆಟಾ ಬಿಸಿನೆಸ್ ಸೂಟ್ ಅಂತ ಒಂದು ಉಚಿತ ಟೂಲ್ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ಅಲ್ಲೇ ಬರೆದು, ದಿನ, ಹೊತ್ತು ಹಾಕಿ ಶೆಡ್ಯೂಲ್ ಮಾಡಬಹುದು. ಲಿಂಕ್ಡ್‌ಇನ್‌ನಲ್ಲೂ ಈ ಸೌಲಭ್ಯ ಇದೆ. ಸೋಮವಾರ ಬೆಳಿಗ್ಗೆ ಕೂತು ವಾರದ್ದನ್ನೆಲ್ಲ ಮುಗಿಸಿಬಿಡಿ. ಆಮೇಲೆ ಮೆಸೇಜುಗಳಿಗೆ ದಿನಕ್ಕೆ ಮೂರು ಹೊತ್ತು ಸಾಕು. ನೋಟಿಫಿಕೇಷನ್ ಆಫ್ ಮಾಡಿ. ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದು ಕೈಯಲ್ಲಿ ಪೋಸ್ಟ್ ಹಾಕುವುದನ್ನಂತೂ ನಿಲ್ಲಿಸಲೇಬೇಕು.

ಸಂಘದ ಪೇಜನ್ನು ಬಿಟ್ಟುಕೊಡಿ. ಕಮಿಟಿಯಲ್ಲಿ ಅಷ್ಟು ಜನ ಇದ್ದಾರಲ್ವಾ? ಒಬ್ಬರಿಗೆ ಪೇಜಿನ ಆಕ್ಸೆಸ್ ಕೊಟ್ಟರಾಯಿತು, ಪಾಸ್‌ವರ್ಡ್ ಹೇಳಬೇಕಾಗಿಲ್ಲ.

ಇನ್ನು ಮಾವ. ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವುದು ಇದೇ. ಅವರ ಋಣ ದೊಡ್ಡದು, ಒಪ್ಪುತ್ತೇನೆ. ಆದರೆ ನೀವು ಈ ಊರಲ್ಲಿ ಕೆಲಸ ಹಿಡಿದು ನಿಲ್ಲಲಿ ಅಂತಲೇ ತಾನೇ ಅವರು ಮನೆಯಲ್ಲಿಟ್ಟುಕೊಂಡದ್ದು? ಆ ಕೆಲಸಕ್ಕೇ ಕುತ್ತು ಬಂದಿದೆ ಅಂತ ಅವರಿಗೆ ಗೊತ್ತೇ ಇಲ್ಲ. ನೀವು ಹೇಳಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಹೇಳಬೇಡಿ, ಹೋಗಿ ಹೇಳಿ. ಮಧ್ಯಾಹ್ನ ಊಟದ ರಶ್ ಮುಗಿದು ಮಾವ ಗಲ್ಲಾದಲ್ಲಿ ಸುಮ್ನೆ ಕೂತಿರುವ ಹೊತ್ತು ನೋಡಿ. ‘ಮಾವ, ಪೇಜು ಬಿಡುವುದಿಲ್ಲ. ಆಫೀಸ್ ಹೊತ್ತಲ್ಲಿ ಮಾತ್ರ ಆಗುವುದಿಲ್ಲ. ಭಾನುವಾರ ಬಂದು ವಾರದ್ದು ಹಾಕಿಟ್ಟು ಹೋಗುತ್ತೇನೆ’ ಅನ್ನಿ. ಬೈಸಿಕೊಂಡದ್ದನ್ನೂ ಮುಚ್ಚಿಡಬೇಡಿ. ದಿನದ ಸ್ಪೆಷಲ್ ಫೋಟೊ ಹಾಕಲು ಕೌಂಟರಿನ ಹುಡುಗನಿಗೆ ಅಲ್ಲೇ ಕಲಿಸಿಕೊಡಿ. ‘ಎಷ್ಟು ಗಂಟೆಗೆ ತೆಗೀತೀರಿ, ಪಾರ್ಸೆಲ್ ಇದೆಯಾ’ ಅನ್ನುವವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಉತ್ತರ ಮೊದಲೇ ಬರೆದಿಡಬಹುದು.

ಮಾವನಿಗೆ ಒಂದು ಕ್ಷಣ ಬೇಜಾರಾಗಬಹುದು, ಆಗಲಿ. ಅವರು ಕಾಫಿ ತರಿಸಿದರೆ ಎದ್ದು ಬರಬೇಡಿ, ಕೂತು ಕುಡಿದೇ ಬನ್ನಿ.