ಡಿಸ್ನಿ ನೆಟ್‌ಫ್ಲಿಕ್ಸ್ ಬಿಟ್ಟಿದ್ದು ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಡಿಸ್ನಿಯ ಹೊಸ ಚಿತ್ರಗಳು ಮೊದಲೆಲ್ಲ ನೆಟ್‌ಫ್ಲಿಕ್ಸ್‌ನಲ್ಲೇ ಸಿಗುತ್ತಿದ್ದವಂತೆ. ಕೂತಲ್ಲಿಗೇ ದುಡ್ಡು ಬರುತ್ತಿತ್ತು. ಅದನ್ನು ಬಿಟ್ಟು ಡಿಸ್ನಿ ಪ್ಲಸ್ ಅನ್ನುವ ಸ್ವಂತ ಸ್ಟ್ರೀಮಿಂಗ್ ಸೇವೆ ಶುರು ಮಾಡುವ ಉಸಾಬರಿ ಯಾಕೆ ಬೇಕಿತ್ತು?

ಉತ್ತರ: ದುಡ್ಡು ಬರುತ್ತಿತ್ತು, ನಿಜ. ಆದರೆ ನೋಡುವವರ ಲೆಕ್ಕ ಬರುತ್ತಿರಲಿಲ್ಲ. ಯಾವ ಚಿತ್ರವನ್ನು ಯಾರು ನೋಡಿದರು, ಎಲ್ಲಿ ಬೇಸರವಾಗಿ ನಿಲ್ಲಿಸಿದರು, ಮಕ್ಕಳು ಹಟ ಮಾಡಿ ಯಾವುದನ್ನು ಮತ್ತೆ ಮತ್ತೆ ಹಾಕಿಸಿಕೊಂಡರು, ಇದೆಲ್ಲ ಗೊತ್ತಿದ್ದದ್ದು ನೆಟ್‌ಫ್ಲಿಕ್ಸ್‌ಗೆ. ಡಿಸ್ನಿ ಸಗಟು ವ್ಯಾಪಾರಿ ಥರ ಸರಕು ಇಳಿಸಿ ಹೋಗುತ್ತಿತ್ತು, ಗಿರಾಕಿಯ ಮುಖ ಕಂಡಿದ್ದು ಅಂಗಡಿಯವನು ಮಾತ್ರ. ಸಾಲದ್ದಕ್ಕೆ ಆ ಅಂಗಡಿಯವನು 2013ರಿಂದ ಸ್ವಂತ ಸರಣಿಗಳನ್ನೂ ಜೋರಾಗಿ ಮಾಡತೊಡಗಿದ್ದ. ಡಿಸ್ನಿ ಚಿತ್ರ ನೋಡೋಕೆ ಬಂದವರ ಚಂದಾ ಹಣದಲ್ಲೇ ಡಿಸ್ನಿಗೊಬ್ಬ ಎದುರಾಳಿ ಬೆಳೆಯುತ್ತಿದ್ದ ಅಂದಹಾಗಾಯಿತು, ಅಲ್ವಾ?

ಇದು ಒಂದು ಕಡೆ. ಇನ್ನೊಂದು ಕಡೆ, ಜನ ಕೇಬಲ್ ತೆಗೆಸಿಹಾಕುತ್ತಿದ್ದರು. ಡಿಸ್ನಿಗೆ ದೊಡ್ಡ ಆದಾಯ ಇದ್ದದ್ದು ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನಂಥ ಕೇಬಲ್ ಚಾನೆಲ್‌ಗಳಿಂದ. 2015ರ ಆಗಸ್ಟ್‌ನಲ್ಲಿ, ಅಲ್ಲಿ ಚಂದಾದಾರರು ಸ್ವಲ್ಪ ಕಡಿಮೆಯಾಗಿದ್ದಾರೆ ಅಂತ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಒಪ್ಪಿಕೊಂಡಿದ್ದೇ ತಡ, ಕಂಪನಿಯ ಷೇರು ಧಡಕ್ಕನೆ ಬಿತ್ತು. ನನ್ನ ಪ್ರಕಾರ ಡಿಸ್ನಿ ಪ್ಲಸ್ ಹುಟ್ಟಿದ್ದು ಆಸೆಯಿಂದಲ್ಲ, ಈ ಭಯದಿಂದ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ವಿಡಿಯೋ ಕಳಿಸುವ ತಂತ್ರಜ್ಞಾನ ಡಿಸ್ನಿ ಹತ್ತಿರ ಇರಲಿಲ್ಲ. ಅದಕ್ಕೆ ಬ್ಯಾಮ್‌ಟೆಕ್ ಅನ್ನುವ ಕಂಪನಿಯನ್ನು ಹಿಡಿಯಿತು. ತಮಾಷೆ ಅಂದರೆ ಅದು ಅಮೆರಿಕದ ಬೇಸ್‌ಬಾಲ್ ಲೀಗ್‌ನವರು ತಮ್ಮ ಪಂದ್ಯಗಳನ್ನು ಇಂಟರ್‌ನೆಟ್‌ನಲ್ಲಿ ತೋರಿಸೋಕೆ ಕಟ್ಟಿಕೊಂಡಿದ್ದ ವ್ಯವಸ್ಥೆ. 2016ರಲ್ಲಿ 100 ಕೋಟಿ ಡಾಲರ್ ಕೊಟ್ಟು ಅದರಲ್ಲಿ ಪಾಲು ತೆಗೆದುಕೊಂಡ ಡಿಸ್ನಿ, 2017ರ ಆಗಸ್ಟ್‌ನಲ್ಲಿ ಇನ್ನೂ 158 ಕೋಟಿ ಡಾಲರ್ ಹಾಕಿ ಹಿಡಿತ ಸಾಧಿಸಿತು, ಅದೇ ದಿನ 2019ರಿಂದ ಬಿಡುಗಡೆಯಾಗುವ ಹೊಸ ಚಿತ್ರಗಳನ್ನು ನೆಟ್‌ಫ್ಲಿಕ್ಸ್‌ಗೆ ಕೊಡುವುದಿಲ್ಲ ಅಂತಲೂ ಹೇಳಿಬಿಟ್ಟಿತು. 2019ರ ಮಾರ್ಚ್‌ನಲ್ಲಿ ಫಾಕ್ಸ್ ಸ್ಟುಡಿಯೋ ಕೈಗೆ ಬಂತು. ನವೆಂಬರ್ 12ಕ್ಕೆ ಡಿಸ್ನಿ ಪ್ಲಸ್ ಶುರು. ತಿಂಗಳಿಗೆ 6.99 ಡಾಲರ್. ಆಗ ನೆಟ್‌ಫ್ಲಿಕ್ಸ್‌ನ ಸ್ಟ್ಯಾಂಡರ್ಡ್ ಪ್ಲಾನ್ 12.99 ಇತ್ತು. ಮರುದಿನವೇ ಒಂದು ಕೋಟಿ ಜನ ಸೇರಿದ್ದಾರೆ ಅಂತ ಕಂಪನಿ ಹೇಳಿಕೊಂಡಿತು.

ಪ್ರಶ್ನೆ: ಹಾಗಾದರೆ ಲಾಭ ಆಯಿತೇ?

ಉತ್ತರ: ಜನ ಬಂದರು, ಲಾಭ ಬರಲಿಲ್ಲ. 2024ರ ಹೊತ್ತಿಗೆ 6ರಿಂದ 9 ಕೋಟಿ ಚಂದಾದಾರರು ಸಿಕ್ಕರೆ ಸಾಕು ಅಂದುಕೊಂಡಿದ್ದರು. ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಕೂತಿದ್ದರಿಂದ 2021ರ ಶುರುವಿಗೇ 9 ಕೋಟಿ ದಾಟಿತು. ಆದರೂ 2022ರ ಹಣಕಾಸು ವರ್ಷದಲ್ಲಿ ಡಿಸ್ನಿಯ ಸ್ಟ್ರೀಮಿಂಗ್ ವಿಭಾಗ ಕಳೆದುಕೊಂಡದ್ದು ಸುಮಾರು 400 ಕೋಟಿ ಡಾಲರ್. ಆ ನವೆಂಬರ್‌ನಲ್ಲಿ, ಐಗರ್ ನಂತರ ಮುಖ್ಯಸ್ಥರಾಗಿದ್ದ ಬಾಬ್ ಚಾಪೆಕ್ ಮನೆಗೆ ಹೋದರು, ನಿವೃತ್ತರಾಗಿದ್ದ ಐಗರ್ ವಾಪಸ್ ಬಂದರು. ಬರೀ ಹಳೇ ಚಿತ್ರ ಜೋಡಿಸಿಟ್ಟರೆ ಜನ ಒಂದು ತಿಂಗಳು ನೋಡಿ ಹೊರಟುಬಿಡುತ್ತಾರೆ. ಹಿಡಿದಿಡೋಕೆ ಹೊಸ ಸರಣಿ ಬರುತ್ತಲೇ ಇರಬೇಕು, ದೊಡ್ಡ ಸರಣಿಗಳಿಗಂತೂ ಸಿನಿಮಾದಷ್ಟೇ ಖರ್ಚು. ಕೊನೆಗೆ ಸುಧಾರಿಸಿದ್ದು ಹೇಗೆ ಗೊತ್ತಾ? ಜಾಹೀರಾತು ಹಾಕಿದರು, ಬೆಲೆ ಏರಿಸಿದರು. ಜಾಹೀರಾತಿಲ್ಲದ ಪ್ಲಾನ್ 2024ರ ಅಕ್ಟೋಬರ್‌ಗೆ 15.99 ಡಾಲರ್ ಆಗಿತ್ತು. ಡಿಸ್ನಿ ಪ್ಲಸ್, ಜೊತೆಗೆ ಡಿಸ್ನಿಯದೇ ಸ್ಟ್ರೀಮಿಂಗ್ ಸೇವೆಗಳಾದ ಹುಲು, ಇಎಸ್‌ಪಿಎನ್ ಪ್ಲಸ್, ಮೂರೂ ಸೇರಿ ಮೊದಲ ಸಲ ಲಾಭ ಕಂಡಿದ್ದು ಅದೇ ವರ್ಷದ ಏಪ್ರಿಲ್-ಜೂನ್‌ನಲ್ಲಿ.

ಪ್ರಶ್ನೆ: ನೋಡುವವರಿಗೆ ಇದರಿಂದ ಏನಾದರೂ ಉಪಯೋಗ ಆಯಿತಾ?

ಉತ್ತರ: ಆಯ್ಕೆ ಜಾಸ್ತಿ ಆಯಿತು, ಖರ್ಚೂ ಜಾಸ್ತಿ ಆಯಿತು. ಡಿಸ್ನಿ ಹಿಂದೆಯೇ 2020ರಲ್ಲಿ ಎಚ್‌ಬಿಒ ಮ್ಯಾಕ್ಸ್, ಪೀಕಾಕ್, 2021ರಲ್ಲಿ ಪ್ಯಾರಾಮೌಂಟ್ ಪ್ಲಸ್ ಬಂದವು. ಒಂದು ಕಡೆ ಸಿಗುತ್ತಿದ್ದದ್ದು ಐದಾರು ಕಡೆ ಹಂಚಿಹೋಯಿತು. 2024ರಲ್ಲಿ ಡಿಸ್ನಿ ಪ್ಲಸ್, ಹುಲು, ಮ್ಯಾಕ್ಸ್ (ಎಚ್‌ಬಿಒ ಮ್ಯಾಕ್ಸ್‌ಗೆ ಆಗ ಇದ್ದ ಹೆಸರು) ಮೂರನ್ನೂ ಒಟ್ಟಿಗೆ ಕಟ್ಟಿ, ಜಾಹೀರಾತಿನೊಂದಿಗೆ 16.99 ಡಾಲರ್‌ಗೆ ಮಾರಲು ಶುರು ಮಾಡಿದರು. ಕೇಬಲ್‌ನವರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಒಂದೇ ವ್ಯತ್ಯಾಸ, ಇದನ್ನು ಬೇಕೆಂದಾಗ ಫೋನ್‌ನಲ್ಲೇ ರದ್ದು ಮಾಡಬಹುದು. ಹಾಗಾಗಿ ಎಲ್ಲದಕ್ಕೂ ಸುಮ್ನೆ ವರ್ಷಪೂರ್ತಿ ಚಂದಾ ಕಟ್ಟಬೇಡಿ. ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು.

ಪ್ರಶ್ನೆ: ಈ ಗಲಾಟೆಗೆ ಇಳಿಯದ ದೊಡ್ಡ ಸ್ಟುಡಿಯೋ ಯಾವುದೂ ಇಲ್ಲವೇ?

ಉತ್ತರ: ಇದೆ, ಸೋನಿ. ಅನಿಮೆಗೆ, ಅಂದರೆ ಜಪಾನಿನ ಅನಿಮೇಷನ್‌ಗೆ, ಕ್ರಂಚಿರೋಲ್ ಅನ್ನುವ ಸ್ಟ್ರೀಮಿಂಗ್ ಸೇವೆ ಇಟ್ಟುಕೊಂಡಿದೆ. ಆದರೆ ಡಿಸ್ನಿ ಪ್ಲಸ್ ಥರದ್ದನ್ನು ಅಮೆರಿಕದಲ್ಲಿ ಶುರು ಮಾಡಲಿಲ್ಲ. 2021ರಲ್ಲಿ ನೆಟ್‌ಫ್ಲಿಕ್ಸ್ ಜೊತೆಗೇ ಒಪ್ಪಂದ ಮಾಡಿಕೊಂಡು, 2022ರಿಂದ ಬಿಡುಗಡೆಯಾಗುವ ತನ್ನ ಚಿತ್ರಗಳನ್ನು ಅಲ್ಲಿಗೇ ಕೊಟ್ಟಿತು. ಉಳಿದವರು ಕೋಟಿ ಕೋಟಿ ಸುರಿಯುತ್ತಿದ್ದಾಗ ಸೋನಿ ಬಾಡಿಗೆ ಎಣಿಸಿಕೊಳ್ಳುತ್ತಿತ್ತು.