ಸರ್ಪಸುತ್ತು, ಮಂಗನ ಕಾಯಿಲೆ, ಮರೆವು: ಈ ಸಲದ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮ್ಮಮ್ಮಂಗೆ 74 ವರ್ಷ. ನಾಲ್ಕು ವರ್ಷದ ಹಿಂದೆ ಎಡಗಡೆ ಪಕ್ಕೇಲಿ ಸರ್ಪಸುತ್ತು ಆಗಿತ್ತು. ಊರಲ್ಲಿ ಎಲ್ರೂ ಹೇಳಿದ್ರು ಅಂತ ಕೆಮ್ಮಣ್ಣು ಹಚ್ಚಿಸಿದ್ವಿ, ನಾಗರಬನಕ್ಕೂ ಹೋಗಿ ಬಂದ್ವಿ, ಆಸ್ಪತ್ರೆಗೆ ಹೋಗಿದ್ದು ಎಂಟು ದಿನ ಆದ್ಮೇಲೆ. ಈಗ ಒಂದು ವರ್ಷದಿಂದ ಮರೆವು, ಡಿಮೆನ್ಶಿಯಾ ಶುರು ಆಗಿದೆ ಅಂದಿದ್ದಾರೆ. ಸರ್ಪಸುತ್ತಿನ ವೈರಸ್ಸಿಂದ ಮರೆವು ಬರತ್ತೆ ಅಂತ ಮೊಬೈಲಲ್ಲಿ ಓದಿದೆ. ಆವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರೆ ಅಮ್ಮ ಸರಿಯಾಗಿರ್ತಿದ್ರಾ? ರಾತ್ರಿ ನಿದ್ದೆ ಬರ್ತಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಕೊನೇ ಮಾತಿಂದನೇ ಶುರು ಮಾಡ್ತೀನಿ. ನೀವು ಎಂಟು ದಿನ ತಡ ಮಾಡಿದ್ರಿಂದ ಅಮ್ಮಂಗೆ ಮರೆವು ಬಂತು ಅಂತ ಯಾರೂ ಹೇಳೋ ಹಾಗಿಲ್ಲ, ಆ ಭಾರ ದಯವಿಟ್ಟು ಇಳಿಸಿಬಿಡಿ. ಮಾತ್ರೆ ಬೇಗ ಕೊಟ್ಟಿದ್ರೆ ಗುಳ್ಳೆ ಬೇಗ ಒಣಗ್ತಿತ್ತು, ನೋವು ಕಮ್ಮಿ ಆಗ್ತಿತ್ತು, ಅಷ್ಟು ಖಂಡಿತ. ಅದರಾಚೆ ಒಬ್ಬ ಮನುಷ್ಯನ ಮರೆವಿಗೆ ಇದೇ ಕಾರಣ ಅಂತ ಬೆರಳಿಟ್ಟು ತೋರ್ಸೋಕೆ ಆಗಲ್ಲ.

ಹಾಗಂತ ನೀವು ಓದಿದ್ದು ಪೂರ್ತಿ ಸುಳ್ಳೂ ಅಲ್ಲ. ಚಿಕ್ಕವರಿದ್ದಾಗ ಮೈಮೇಲೆ ಅಮ್ಮ ಎದ್ದಿರತ್ತಲ್ಲ, ಚಿಕನ್ ಪಾಕ್ಸ್, ಅದರ ವೈರಸ್ಸು ಗುಳ್ಳೆ ಒಣಗಿದ ಮೇಲೂ ಮೈ ಬಿಟ್ಟು ಹೋಗಲ್ಲ, ಬೆನ್ನುಹುರಿ ಪಕ್ಕದಲ್ಲಿರೋ ನರದ ಗಂಟಲ್ಲಿ ಸುಮ್ನೆ ಮಲಗಿರತ್ತೆ, ನಲವತ್ತು ಐವತ್ತು ವರ್ಷ ಬೇಕಾದ್ರೂ, ಆಮೇಲೆ ವಯಸ್ಸಾಗಿ ಮೈಯಲ್ಲಿ ಶಕ್ತಿ ತಗ್ಗಿದಾಗ ಎದ್ದು ಅದೇ ನರ ಹಿಡ್ಕೊಂಡು ಚರ್ಮಕ್ಕೆ ಇಳಿಯತ್ತೆ. ಒಂದೊಂದು ನರ ಮೈಯ ಒಂದು ಮಗ್ಗುಲಿಗೆ ಮಾತ್ರ ಹೋಗೋದು, ಅದಕ್ಕೇ ಸರ್ಪಸುತ್ತು ಒಂದೇ ಕಡೆ ಪಟ್ಟಿ ಪಟ್ಟಿಯಾಗಿ ಬರೋದು. ಹೆಡೆ ಬಾಲ ಕೂಡಿದ್ರೆ ಜೀವಕ್ಕೆ ಅಪಾಯ ಅಂತ ನಮ್ಮ ಕಡೆ ಎಷ್ಟು ಜನ ಹೆದರಿ ನನ್ನ ಮುಂದೆ ಕೂತಿದ್ದಾರೋ ಲೆಕ್ಕ ಇಲ್ಲ. ಒಬ್ಬ ಅಜ್ಜಿ ಬಂದಿದ್ರು, ಸೊಂಟದ ಸುತ್ತ ಕೆಮ್ಮಣ್ಣಲ್ಲಿ ಹಾವಿನ ಚಿತ್ರ, ಮಣ್ಣು ಒಣಗಿ ಬಿರುಕು ಬಿಟ್ಟು ಅದರ ಕೆಳಗಿನ ಗುಳ್ಳೆ ಎಲ್ಲಾ ಕೀವಾಗಿತ್ತು, ಹತ್ತಿ ಒದ್ದೆ ಮಾಡಿ ಚೂರುಚೂರೇ ತೆಗಿಯೋಕೆ ಮುಕ್ಕಾಲು ಗಂಟೆ ಹಿಡೀತು. ನಾಗರಬನಕ್ಕೆ ಹೋಗಿ, ಹಣ್ಣುಕಾಯಿ ಮಾಡಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಗುಳ್ಳೆ ಕಂಡ 72 ಗಂಟೆ ಒಳಗೆ ವೈರಸ್ಸನ್ನ ತಡೆಯೋ ಮಾತ್ರೆ ಶುರು ಆಗ್ಲೇಬೇಕು.

ಇನ್ನು ಮರೆವಿನ ವಿಷಯ. ಬ್ರಿಟನ್ನಿನ ವೇಲ್ಸಲ್ಲಿ 2013ರ ಸೆಪ್ಟೆಂಬರಲ್ಲಿ ವಯಸ್ಸಾದವರಿಗೆ ಸರ್ಪಸುತ್ತಿನ ಲಸಿಕೆ ಕೊಡೋಕೆ ಶುರು ಮಾಡಿದ್ರು. ಆಗ ಒಂದು ನಿಯಮ ಇತ್ತು: 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಸಿಗತ್ತೆ, ಅದಕ್ಕಿಂತ ಒಂದೇ ದಿನ ಮುಂಚೆ ಹುಟ್ಟಿದ್ರೂ ಇಲ್ಲ. ಈಗ ಯೋಚನೆ ಮಾಡಿ, ಆ ತಾರೀಕಿನ ಹಿಂದಿನ ವಾರ ಹುಟ್ಟಿದವರಿಗೂ ಮುಂದಿನ ವಾರ ಹುಟ್ಟಿದವರಿಗೂ ಏನು ವ್ಯತ್ಯಾಸ? ಊಟ ಅದೇ, ಹವೆ ಅದೇ, ದುಡ್ಡುಕಾಸು ಅದೇ, ಲಸಿಕೆ ಸಿಕ್ಕಿದ್ದು ಮಾತ್ರ ಬೇರೆ. ಅಂಥವರ ದಾಖಲೆ ಏಳು ವರ್ಷ ಹಿಡ್ಕೊಂಡು ನೋಡಿದಾಗ, ಲಸಿಕೆ ತಗೊಂಡವರಲ್ಲಿ ಡಿಮೆನ್ಶಿಯಾ ಸುಮಾರು 20% ಕಮ್ಮಿ ಬಂದಿತ್ತು, ಹೆಂಗಸರಲ್ಲಿ ಇನ್ನೂ ಚೆನ್ನಾಗಿ ಕಾಣಿಸ್ತು. 2025ರಲ್ಲಿ 'ನೇಚರ್' ಪತ್ರಿಕೇಲಿ ಬಂದಿದ್ದು ಇದು. ಈ ವಿಷಯದಲ್ಲಿ ನಾನು ಓದಿದ್ರಲ್ಲಿ ನನ್ನನ್ನ ಜಾಸ್ತಿ ಒಪ್ಪಿಸಿದ್ದು ಇದೇ, ಯಾಕಂದ್ರೆ ಮಾಮೂಲಿ ಲೆಕ್ಕದಲ್ಲಿ ಲಸಿಕೆ ಹಾಕಿಸ್ಕೊಳ್ಳೋರು ಮೊದ್ಲಿಂದನೇ ಆರೋಗ್ಯದ ಬಗ್ಗೆ ಕಾಳಜಿ ಇರೋರಾಗಿರ್ತಾರೆ, ಅಲ್ಲೇ ಮೋಸ ಆಗೋದು, ಇಲ್ಲಿ ಆ ಮೋಸ ಇಲ್ಲ.

ನಮ್ಮ ದೇಶದಲ್ಲೂ 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ಸಿಗತ್ತೆ, ಎರಡು ಡೋಸು, ಮಧ್ಯೆ ಎರಡರಿಂದ ಆರು ತಿಂಗಳು ಅಂತರ. ವೇಲ್ಸಲ್ಲಿ ಕೊಟ್ಟಿದ್ದಕ್ಕಿಂತ ಇದು ಹೊಸ ನಮೂನೆದು. ಬೆಲೆ ದುಬಾರಿ. ಸರ್ಪಸುತ್ತಿನ ನೋವು ತಪ್ಪಿಸೋಕೆ ಅಂತ ಹಾಕಿಸ್ಕೊಳ್ಳಿ, ಮರೆವಿಗೂ ಅನುಕೂಲ ಆದ್ರೆ ಒಳ್ಳೇದೇ ಆಯ್ತು. ಅಮ್ಮಂಗೂ ಕೊಡಿಸಬಹುದು, ಒಂದ್ಸಲ ಬಂದವರಿಗೆ ಮತ್ತೆ ಬರಲ್ಲ ಅಂತಿಲ್ಲ. ಆದ್ರೆ ಈಗಾಗಲೇ ಬಂದಿರೋ ಮರೆವು ಇದರಿಂದ ಹಿಂದಕ್ಕೆ ಹೋಗಲ್ಲ. ಅದಕ್ಕಿಂತ ಮುಂಚೆ ಅವರ ಬಿ12, ಥೈರಾಯ್ಡು, ಕಿವಿ ಮೂರೂ ಚೆಕ್ ಆಗಿದ್ಯಾ ನೋಡಿ, ಕಿವಿ ಕೇಳದೆ ಇರೋರು ಮರೆತವರ ಥರನೇ ಕಾಣ್ತಾರೆ.

ಪ್ರಶ್ನೆ: ನಮ್ಮನೆಯವರಿಗೆ ಹಿಂದೆ ಮಂಗನ ಕಾಯಿಲೆ ಬಂದು ಬದುಕಿದ್ದಾರೆ. ಆಗ ಎರಡನೇ ಸಲ ಜ್ವರ ಬಂದಾಗ ತಲೆನೋವು, ಕೈ ನಡುಕ, ಏನೇನೋ ಮಾತು. ಈಗ 58. ಮುಂದೆ ಮರೆವು ಬರತ್ತಾ?
– ಓದುಗರು, ಸಾಗರ

ಉತ್ತರ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ, ನಮ್ಮ ಜಿಲ್ಲೆ ಊರಿನ ಹೆಸರೇ ಅದಕ್ಕೆ ಅಂಟಿದೆ, ಇಂಗ್ಲಿಷಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತಾರೆ. ನೀವು ಬರ್ದಿದ್ದು ಅದರ ಎರಡನೇ ಸುತ್ತು. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಮತ್ತೆ ಬರತ್ತೆ, ಆಗ ವೈರಸ್ಸಿನ ಪೆಟ್ಟು ತಲೆಗೆ ಬೀಳತ್ತೆ. ಅದರಿಂದ ಎದ್ದು ಬಂದವರಿಗೆ ತಿಂಗಳುಗಟ್ಲೆ ಸುಸ್ತು, ಮಂಕು ಇರಬಹುದು, ಆಮೇಲೆ ನಿಧಾನಕ್ಕೆ ಸರಿ ಹೋಗ್ತಾರೆ.

ಬೇರೆ ವೈರಸ್ಸುಗಳ ಬಗ್ಗೆ ಫಿನ್ಲೆಂಡ್ ಮತ್ತು ಬ್ರಿಟನ್ನಿನ ದಾಖಲೆ ನೋಡಿ 2023ರಲ್ಲಿ ಒಂದು ಅಧ್ಯಯನ ಬಂತು, ಮಿದುಳಿಗೇ ವೈರಸ್ ಸೋಂಕು ತಗುಲಿ ಆಸ್ಪತ್ರೆ ಸೇರಿದವರಲ್ಲಿ ಮುಂದೆ ಆಲ್ಝೈಮರ್, ಅಂದ್ರೆ ಡಿಮೆನ್ಶಿಯಾಗಳಲ್ಲಿ ಜಾಸ್ತಿ ಜನಕ್ಕೆ ಬರೋ ನಮೂನೆದು, ಜಾಸ್ತಿ ಕಂಡಿತ್ತು, ನ್ಯುಮೋನಿಯಾಕ್ಕೆ ತಿರುಗಿದ ಫ್ಲೂ ಆದವರಲ್ಲೂ ಕಂಡಿತ್ತು. ಆದ್ರೆ ಇದರಲ್ಲಿ ಒಂದು ಸಿಕ್ಕು ಇದೆ. ಮರೆವಿನ ಕಾಯಿಲೆ ಹೊರಗೆ ಕಾಣೋಕೆ ಹತ್ತಿಪ್ಪತ್ತು ವರ್ಷ ಮುಂಚೆನೇ ಒಳಗೆ ಶುರುವಾಗಿರತ್ತೆ, ಹಂಗಾಗಿ ಸೋಂಕಿಂದ ಮರೆವು ಬಂತೋ, ಒಳಗೆ ಬರ್ತಿದ್ದ ಮರೆವಿಂದ ಮೈ ಸೋತು ಸೋಂಕು ತಗುಲ್ತೋ, ಬರೀ ದಾಖಲೆ ನೋಡಿ ಬಿಡಿಸೋದು ಕಷ್ಟ. ನಿಮ್ಮನೆಯವರಿಗೆ ಈಗ ಲೆಕ್ಕಪತ್ರ, ಕೊನೆಕೊಯ್ಲಿನ ಕೂಲಿ ಲೆಕ್ಕ ಎಲ್ಲಾ ಮಾಮೂಲಿ ಹಂಗೇ ಬರ್ತಿದ್ರೆ ಹೆದರಬೇಡಿ, ಬಿಪಿ ಶುಗರ್ ಹಿಡಿತದಲ್ಲಿಡಿ, ಬೀಡಿ ಇದ್ರೆ ಬಿಡ್ಸಿ. ಡಿಸೆಂಬರಿಂದ ಮೇ ತನಕ ದರಗು ಗುಡಿಸೋಕೆ ಕಾಡಿಗೆ ಹೋಗೋದಾದ್ರೆ ಆರೋಗ್ಯ ಇಲಾಖೆ ಕೊಡೋ, ಉಣುಗು ಹತ್ರ ಬರದ ಹಾಗೆ ಮಾಡೋ ಡೆಪಾ ಎಣ್ಣೆ ಹಚ್ಕೊಂಡೇ ಹೋಗ್ಲಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ. ಈ ಕಾಯಿಲೆ ಉಣುಗು ಕಚ್ಚಿ ಬರೋದು, ಅದು ಕಚ್ಚದ ಹಾಗೆ ನೋಡ್ಕೊಳ್ಳೋದು ಮನೆ ಮಂದಿಗೆಲ್ಲಾ ಬೇಕು.

ಪ್ರಶ್ನೆ: ತುಟಿ ಮೇಲೆ ಆಗಾಗ ಜ್ವರದ ಗುಳ್ಳೆ ಏಳತ್ತೆ, ಅದು ಹರ್ಪಿಸ್ ಅನ್ನೋ ವೈರಸ್ಸಿಂದ ಅಂತಾರೆ. ಮರೆವು ಬರದ ಹಾಗೆ ದಿನಾ ಹರ್ಪಿಸ್ ಮಾತ್ರೆ ತಗೋಬಹುದಾ?
– ಓದುಗರು, ಭದ್ರಾವತಿ

ಉತ್ತರ: ಬೇಡ. ಅಮೆರಿಕದಲ್ಲಿ ಆಲ್ಝೈಮರ್ ಶುರುವಿನ ಹಂತದಲ್ಲಿದ್ದ 120 ಜನರನ್ನ ಸೇರಿಸ್ಕೊಂಡು, ಅರ್ಧ ಜನಕ್ಕೆ ಒಂದೂವರೆ ವರ್ಷ ಆ ಮಾತ್ರೆ, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟು ನೋಡಿದ್ರು, ಉಪಯೋಗ ಆಗ್ಲಿಲ್ಲ. ಕಿಡ್ನಿಗೆ ಸುಮ್ನೆ ಯಾಕೆ ಭಾರ.

ಪ್ರಶ್ನೆ: ಅಪ್ಪಂಗೆ 81. ಹೋದ ಮಳೆಗಾಲ ಜ್ವರ ಬಂದು ಎರಡೇ ದಿನಕ್ಕೆ ನಮ್ಮ ಗುರುತೇ ಹಿಡೀಲಿಲ್ಲ, ಗೋಡೆ ಮೇಲೆ ಯಾರೋ ಹತ್ತುತಿದ್ದಾರೆ ಅಂತಿದ್ರು. ಅರಳುಮರಳು ಅಂತ ಬಿಟ್ವಿ, ಹತ್ತು ದಿನಕ್ಕೆ ತಾನೇ ಸರಿ ಹೋದ್ರು. ಇದು ಡಿಮೆನ್ಶಿಯಾನಾ?
– ಓದುಗರು, ಹೊಸನಗರ

ಉತ್ತರ: ಅಲ್ಲ, ಮತ್ತೆ ಹೀಗಾದ್ರೆ ಒಂದು ರಾತ್ರಿನೂ ಕಾಯಬೇಡಿ, ಕೈ ಮುಗಿದು ಕೇಳ್ತೀನಿ. ಡಿಮೆನ್ಶಿಯಾ ತಿಂಗಳು, ವರ್ಷ ತಗೊಂಡು ಬರೋದು. ಎರಡೇ ದಿನದಲ್ಲಿ ಮನುಷ್ಯ ಬದಲಾದ ಅಂದ್ರೆ ಅದು ಡಿಲಿರಿಯಮ್ಮು, ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ: ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದಿರೋದು, ಹೊಸ ಮಾತ್ರೆ, ತಲೆಗೆ ಬಿದ್ದ ಪೆಟ್ಟು. ಬಹುಪಾಲು ವಾಸಿ ಆಗೋ ಅಂಥವು. ನಾನಿನ್ನೂ ಹೈಸ್ಕೂಲಲ್ಲಿದ್ದಾಗ ನಮ್ಮಜ್ಜಿಗೆ ಹೀಗೇ ಆಗಿತ್ತು, ವಯಸ್ಸಾಯ್ತಲ್ಲ ಅಂತ ಮೂಲೆ ಕೋಣೇಲಿ ಮಲಗ್ಸಿದ್ವಿ, ಐದನೇ ದಿನ ಹೋಗ್ಬಿಟ್ರು. ಜ್ವರ ಇತ್ತು, ಉಚ್ಚೆ ಉರಿ ಅಂತಿದ್ರು, ಅದು ಈಗ್ಲೂ ನನ್ನ ಕಿವಿಲಿದೆ. ಅದಕ್ಕೇ ಅರಳುಮರಳು ಅನ್ನೋ ಮಾತು ಕೇಳಿದ್ರೆ ನನಗೆ ಸಂಕಟ ಆಗತ್ತೆ. ಒಂದ್ಸಲ ಡಿಲಿರಿಯಮ್ ಆದವರಿಗೆ ಮುಂದೆ ಡಿಮೆನ್ಶಿಯಾ ಸಾಧ್ಯತೆ ಜಾಸ್ತಿ, ಹಾಗಾಗಿ ಅಪ್ಪನ್ನ ಒಂದ್ಸಲ ಕರ್ಕೊಂಡು ಹೋಗಿ ನೆನಪಿನ ಪರೀಕ್ಷೆ ಮಾಡ್ಸಿ.

ಪ್ರಶ್ನೆ: ಮಾವಂಗೆ ಡಿಮೆನ್ಶಿಯಾ. ವೈರಸ್ಸಿಂದ ಬರೋದಾದ್ರೆ ಮಕ್ಕಳನ್ನ ಅವರ ಹತ್ರ ಬಿಡಬಹುದಾ? ತಟ್ಟೆ ಲೋಟ ಬೇರೆ ಇಡ್ಬೇಕಾ?
– ಓದುಗರು, ರಿಪ್ಪನ್‌ಪೇಟೆ

ಉತ್ತರ: ಮರೆವು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ತಟ್ಟೆ ಬೇರೆ ಇಡ್ಬೇಡಿ, ಅವರಿಗೆ ಹೆಸರು ಮರೆತಿರಬಹುದು, ತಳ್ಳಿದ್ದು ಗೊತ್ತಾಗತ್ತೆ. ಸುಗ್ಗಿ ಟೈಮಲ್ಲಿ ಜಗಲಿಲಿ ಅಡಿಕೆ ಸುಲಿಯೋಕೆ ಕೂರ್ಸಿ ನೋಡಿ, ಮೊಮ್ಮಗನ ಹೆಸರು ನಾಲಿಗೆಗೆ ಬರದೇ ಇರೋ ಮನುಷ್ಯನ ಕೈ ಮೆಟ್ಟುಗತ್ತಿ ಮೇಲೆ ಹೆಂಗೆ ಓಡತ್ತೆ ಅಂತ, ಕೈಕೆಲಸದ ನೆನಪು ಮಿದುಳಲ್ಲಿ ಬೇರೆ ಜಾಗದಲ್ಲಿ ಇರತ್ತೆ, ಅದು ತಡವಾಗಿ ಹೋಗೋದು. ಮಕ್ಕಳು ಪಕ್ಕ ಕೂತು ಸುಲಿದ ಅಡಿಕೆ ಬುಟ್ಟಿಗೆ ಹಾಕ್ಲಿ. ಕತ್ತಿ ಹತ್ರ ಮಾತ್ರ ದೊಡ್ಡವರು ಒಬ್ರು ಇರಿ.